ಕಬ್ಬಿಣ ಕಾಯುವ ಮುಂಚೆ ಹಿಡಿದು ನೋಡುವುದು

ಈ ಹೊತ್ತು ನಾನು ಬೀಜದ ವಿಷಯವಾಗಲಿ ಗೊಬ್ಬರದ ವಿಷಯವಾಗಲಿ ಮಾತನಾಡಲು ಬಂದಿಲ್ಲ. ನಾವು ಕೈಯಲ್ಲಿ ಹಿಡಿಯುವ ಬೇಸಾಯದ ಮುಟ್ಟುಗಳು, ಏರಿ ಕೂರುವ ಯಂತ್ರಗಳು ಕಾರ್ಖಾನೆಯಲ್ಲಿ ಹುಟ್ಟುವುದಕ್ಕೆ ಮುಂಚೆ ಹೇಗಿರುತ್ತವೆ, ಅವುಗಳ ಅಂಕುಡೊಂಕನ್ನು ಯಾರು, ಯಾವಾಗ ನೋಡುತ್ತಾರೆ ಎಂಬುದನ್ನು ಹೇಳಬೇಕೆಂದಿದ್ದೇನೆ. "ಅದು ಇಂಜಿನಿಯರುಗಳ ಪಾಡು, ನಮಗೇನಪ್ಪ?" ಅನ್ನಬೇಡಿ. ಸ್ವಲ್ಪ ಕಿವಿಗೊಡಿ, ನಮ್ಮ ಪಾಡೂ ಅದರಲ್ಲಿ ಇದೆ.

ನಮ್ಮೂರಿನ ಆಚಾರ್ರು ನೇಗಿಲು ಮಾಡುತ್ತಿದ್ದ ಕಾಲ ನನಗೆ ಚೆನ್ನಾಗಿ ನೆನಪಿದೆ. ಮರ ಆರಿಸಿ, ಬಾಚಿಯಿಂದ ಕೆತ್ತಿ, ಕೆಲಸ ಅರ್ಧ ಆಯಿತೆಂದರೆ ಮನೆಗೆ ಹೇಳಿಕಳಿಸುತ್ತಿದ್ದರು. ನಮ್ಮಪ್ಪ ಹೋಗಿ ಮೇಳಿ ಹಿಡಿದು ನಿಲ್ಲಬೇಕು. "ಹಂಗೆ ಬಿಗಿಯಾಗಿ ನಿಲ್ಲಬೇಡಿ ಗೌಡ್ರೇ, ಹೊಲದಾಗೆ ನಿಂತ ಹಂಗೆ ನಿಲ್ಲಿ" ಎನ್ನುವರು. ಎರಡು ಬೆರಳು ಎತ್ತರವಾಯಿತು ಎಂದು ಕಂಡರೆ ಅಲ್ಲೇ, ಆ ಗಳಿಗೆಯಲ್ಲೇ ತೆಗೆದುಬಿಡುವರು. ಗುದ್ದಲಿಯ ಕಾವಾಗಲಿ ಕುಡುಗೋಲಿನ ಹಿಡಿಯಾಗಲಿ ಹೀಗೆಯೇ. ಕೆಲಸ ಮುಗಿಯುವ ಮುಂಚೆ ಹಿಡಿಯುವವನ ಕೈಗೆ ಒಮ್ಮೆ ಬಂದುಹೋಗುತ್ತಿತ್ತು. ಆಚಾರ್ರಿಗೆ ಓದು ಬರಹ ಅಷ್ಟಕ್ಕಷ್ಟೆ. ಆದರೆ ಮಾಡುವ ಮೊದಲೇ ಹಿಡಿಸಿ ನೋಡಬೇಕು ಎಂಬ ಮಾತು ಅವರಿಗೆ ಯಾರೂ ಕಲಿಸದೆ ಗೊತ್ತಿತ್ತು.

ಕಾರ್ಖಾನೆಯ ಯಂತ್ರದ ರೀತಿಯೇ ಬೇರೆ. ಅದು ಒಬ್ಬನಿಗಾಗಿ ಆಗುವುದಲ್ಲ, ಸಾವಿರ ಸಾವಿರ ಜನಕ್ಕೆ ಒಂದೇ ಅಚ್ಚಿನಲ್ಲಿ ಇಳಿಯತಕ್ಕದ್ದು. ಮೊದಲು ಕಾಗದದ ಮೇಲೆ ನಕ್ಷೆ, ಆಮೇಲೆ ಒಂದು ಮಾದರಿ, ಆಮೇಲೆ ಅಚ್ಚು. ಕಾಗದದ ಮೇಲೆ ಇರುವಾಗ ಒಂದು ಲಿವರನ್ನು ನಾಲ್ಕು ಅಂಗುಲ ಈಚೆಗೆ ತರಲು ರಬ್ಬರು ಸಾಕು. ಅಚ್ಚು ಕೊರೆದಾದ ಮೇಲೆ ಅದೇ ನಾಲ್ಕು ಅಂಗುಲಕ್ಕೆ ಅಚ್ಚನ್ನೇ ಬದಲಾಯಿಸಬೇಕು, ಪಕ್ಕದ ಭಾಗಗಳನ್ನೂ ಬದಲಾಯಿಸಬೇಕು. ಆ ಖರ್ಚಿಗೆ ಯಾವ ಯಜಮಾನನೂ ಸುಲಭವಾಗಿ ಒಪ್ಪುವುದಿಲ್ಲ. "ಇರಲಿ ಬಿಡಿ, ರೈತರು ಅಭ್ಯಾಸ ಮಾಡಿಕೊಳ್ಳುತ್ತಾರೆ" ಎಂದುಬಿಡುತ್ತಾರೆ. ನಾವೂ ಮಾಡಿಕೊಳ್ಳುತ್ತೇವೆ. ಸೊಂಟ ಹಿಡಿದುಕೊಂಡು ಮಾಡಿಕೊಳ್ಳುತ್ತೇವೆ.

ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿ. ಕೆಲವು ವರ್ಷಗಳ ಕೆಳಗೆ ಗದ್ದೆ ಕೆಲಸಕ್ಕೆಂದು ಒಂದು ಪವರ್ ಟಿಲ್ಲರ್ ತಂದೆವು. ಯಾವ ಕಾರ್ಖಾನೆಯದು ಎಂಬುದು ಇಲ್ಲಿ ಬೇಡ. ಇಂಜಿನು ಚೆನ್ನಾಗಿತ್ತು, ಡೀಸೆಲನ್ನೂ ಹೆಚ್ಚು ಕುಡಿಯುತ್ತಿರಲಿಲ್ಲ. ನನ್ನ ತಮ್ಮ ಎತ್ತರದ ಆಳು, ಅವನಿಗೆ ಏನೂ ತೊಂದರೆಯಾಗಲಿಲ್ಲ. ಒಂದು ಸಲ ಅವನು ಜ್ವರ ಬಂದು ಮಲಗಿದ. ನಾಟಿ ಕಾಯುವುದಿಲ್ಲವಲ್ಲ, ಅವನ ಹೆಂಡತಿಯೇ ಟಿಲ್ಲರ್ ಹಿಡಿದಳು. ಗಟ್ಟಿ ಹೆಣ್ಣುಮಗಳು. ಮುಂದಕ್ಕೆ ಹೋಗುವಷ್ಟು ಹೊತ್ತೂ ಸರಿಯಾಗಿಯೇ ನಡೆಯಿತು. ಬದುವಿನ ಹತ್ತಿರ ತಿರುಗಿಸಿಕೊಳ್ಳಲು ಹಿಂದಕ್ಕೆ ತೆಗೆದಳು. ರಿವರ್ಸ್ ಗೇರಿಗೆ ಹಾಕಿದಾಗ ಟಿಲ್ಲರಿನ ಹಿಡಿ ಮೇಲಕ್ಕೆ ಏಳಲು ನೋಡುತ್ತದೆ, ಯಂತ್ರವು ಹಿಡಿದವರ ಮೇಲೆಯೇ ಬರುತ್ತದೆ. ಓಡಿಸಿದವರಿಗೆಲ್ಲ ಇದು ಗೊತ್ತು. ಹಿಡಿ ಎದ್ದ ಕೂಡಲೆ ಕ್ಲಚ್ಚು ಬಿಡಿಸುವ ಲಿವರು ಅವಳ ಕೈಗೆ ನಿಲುಕಲಿಲ್ಲ. ಬದುವಿಗೂ ಯಂತ್ರಕ್ಕೂ ನಡುವೆ ಸಿಕ್ಕಿಕೊಂಡಳು. ಪಕ್ಕದ ಗದ್ದೆಯವರು ಓಡಿಬಂದು ನಿಲ್ಲಿಸಿದರು. ಮೊಣಕಾಲಿನ ಕೆಳಗೆ ಚರ್ಮ ಸುಲಿದುಹೋಯಿತು, ಎರಡು ವಾರ ಕುಂಟಿದಳು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಆಮೇಲೆ ನಾನು, "ನೋಡ್ಕೊಂಡು ಹಿಡೀಬಾರದೇನವ್ವಾ" ಅಂದೆ. ಆಕೆ ಅಂದಳು: "ನಾನು ನೋಡ್ಕೊಂಡೇ ಹಿಡಿದೆ ಭಾವ. ಆ ಲಿವರು ಇಟ್ಟೋರು ನನ್ನ ನೋಡಿಲ್ಲ, ಅಷ್ಟೆ."

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಲಿವರು ಇಡುವವರು, ಇಡುವ ಮುಂಚೆಯೇ ಆಕೆಯನ್ನು ನೋಡುವ ದಾರಿ ಏನಾದರೂ ಉಂಟೆ? ಉಂಟು. ಅದರ ಹೆಸರು ವರ್ಚುವಲ್ ರಿಯಾಲಿಟಿ. ಇಲ್ಲದ್ದನ್ನು ಇದ್ದ ಹಾಗೆಯೇ ಕಾಣಿಸುವ ವಿದ್ಯೆ. ಅದರ ಜೊತೆಗೆ ಹ್ಯಾಪ್ಟಿಕ್ಸ್ ಎಂಬುದು ಒಂದು, ಇಲ್ಲದ್ದನ್ನು ಮುಟ್ಟಿದ ಹಾಗೆಯೇ ಮಾಡುವ ವಿದ್ಯೆ. ಮುಟ್ಟುವುದು ಎಂಬ ಅರ್ಥದ ಒಂದು ಗ್ರೀಕ್ ಮಾತಿನಿಂದ ಆ ಹೆಸರು ಬಂದಿದೆ.

ಮೊದಲು ಕಣ್ಣಿನ ವಿಷಯ. ಜಾತ್ರೆಯಲ್ಲಿ ಡಬ್ಬಿಯ ತೂತಿಗೆ ಕಣ್ಣಿಟ್ಟು ಚಿತ್ರ ನೋಡಿದ್ದೀರಲ್ಲ, ಅದೇ ಡಬ್ಬಿಯನ್ನು ಮುಖಕ್ಕೆ ಕಟ್ಟಿಕೊಂಡಂತೆ ಎಂದುಕೊಳ್ಳಿ. ಒಂದೊಂದು ಕಣ್ಣಿಗೆ ಒಂದೊಂದು ಚಿತ್ರ. ಎರಡೂ ಚಿತ್ರ ಒಂದೇ ಅಲ್ಲ. ನಮ್ಮ ಎರಡು ಕಣ್ಣುಗಳ ನಡುವೆ ಎರಡೂವರೆ ಅಂಗುಲದಷ್ಟು ಅಂತರವಿರುವುದರಿಂದ ಎಡಗಣ್ಣಿಗೆ ಕಾಣುವುದಕ್ಕೂ ಬಲಗಣ್ಣಿಗೆ ಕಾಣುವುದಕ್ಕೂ ಕೊಂಚ ವ್ಯತ್ಯಾಸವುಂಟು. ಬೇಕಾದರೆ ಹೆಬ್ಬೆರಳನ್ನು ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ, ಬೆರಳು ಆಚೆ ಈಚೆ ಜರುಗಿದಂತೆ ಕಾಣುತ್ತದೆ. ಆ ವ್ಯತ್ಯಾಸದಿಂದಲೇ ನಮಗೆ ದೂರ ಹತ್ತಿರ ತಿಳಿಯುವುದು. ಕಂಪ್ಯೂಟರು ಅದೇ ವ್ಯತ್ಯಾಸವನ್ನು ಲೆಕ್ಕ ಹಾಕಿ ಎರಡು ಚಿತ್ರ ಬರೆಯುತ್ತದೆ. ಅಷ್ಟೇ ಆಗಿದ್ದರೆ ಅದು ಜಾತ್ರೆಯ ಡಬ್ಬಿಯೇ. ಇದರಲ್ಲಿ ವಿಶೇಷವೇನೆಂದರೆ ನೀವು ತಲೆ ತಿರುಗಿಸಿದ ಕಡೆಗೆ ಚಿತ್ರವೂ ತಿರುಗುತ್ತದೆ. ಬಗ್ಗಿದರೆ ಟ್ರ್ಯಾಕ್ಟರಿನ ಅಡಿ ಕಾಣುತ್ತದೆ, ಎದ್ದು ನಿಂತರೆ ಬಾನೆಟ್ಟಿನ ಮೇಲುಭಾಗ. ಇದಕ್ಕಾಗಿ ಚಿತ್ರವನ್ನು ಸೆಕೆಂಡಿಗೆ ಸುಮಾರು 90 ಸಲ ಹೊಸದಾಗಿ ಬರೆಯಬೇಕಾಗುತ್ತದೆ. ತಲೆ ತಿರುಗಿದ ಮೇಲೆ ಚಿತ್ರ ತಡವಾಗಿ ಬಂದರೆ ಕಣ್ಣು ಒಂದು ಹೇಳುತ್ತದೆ, ಕಿವಿಯೊಳಗಿನ ತೂಕದ ಅಂಗ ಮತ್ತೊಂದು ಹೇಳುತ್ತದೆ, ಹೊಟ್ಟೆ ತೊಳಸಿ ವಾಂತಿ ಬಂದ ಹಾಗಾಗುತ್ತದೆ. ಘಾಟಿ ರಸ್ತೆಯಲ್ಲಿ ಬಸ್ಸಿನಲ್ಲಿ ಕೂತವರಿಗೆ ಆಗುತ್ತದಲ್ಲ, ಆ ತರಹ.

ಇದು ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಐವಾನ್ ಸದರ್‌ಲ್ಯಾಂಡ್ ಎಂಬವರು 1968ರಲ್ಲಿಯೇ ಇಂಥದ್ದೊಂದನ್ನು ತೋರಿಸಿದರು. ಅದು ತಲೆಗೆ ಕಟ್ಟಿಕೊಳ್ಳುವಂಥದ್ದೇ ಆದರೂ, ಅದನ್ನು ಸೂರಿನಿಂದ ಬಂದ ಒಂದು ಕಂಬಕ್ಕೆ ಸೇರಿಸಿದ್ದರು. ಕಾಣುತ್ತಿದ್ದುದು ಬರಿಯ ಗೆರೆಗಳ ಪೆಟ್ಟಿಗೆ. ಆಮೇಲೆ 1992ರಲ್ಲಿ ಷಿಕಾಗೋ ನಗರದ ಇಲಿನಾಯ್ ವಿಶ್ವವಿದ್ಯಾಲಯದವರು ಬೇರೆ ಉಪಾಯ ಹೂಡಿದರು. ತಲೆಗೆ ಡಬ್ಬಿ ಕಟ್ಟುವ ಬದಲು ಹತ್ತು ಅಡಿಯ ಒಂದು ಕೋಣೆಯನ್ನೇ ಮಾಡಿ, ಗೋಡೆಗಳ ಮೇಲೂ ನೆಲದ ಮೇಲೂ ಸಿನಿಮಾದಂತೆ ಚಿತ್ರ ಬಿಟ್ಟರು. ಹಗುರವಾದ ಕನ್ನಡಕ ಹಾಕಿಕೊಂಡು ಒಳಗೆ ಹೋದರೆ ಸುತ್ತ ಎಲ್ಲವೂ ನಿಂತ ಹಾಗೆ ಕಾಣುವುದು. ಇದಕ್ಕೆ ಅವರು ಕೇವ್, ಎಂದರೆ ಗುಹೆ ಎಂದು ಹೆಸರಿಟ್ಟರು.

ಈ ಗುಹೆಗೆ ಬೇಗನೆ ಕಾಲಿಟ್ಟವರಲ್ಲಿ ಮಣ್ಣಿನ ಕೆಲಸದ ಯಂತ್ರ ಮಾಡುವವರು ಒಬ್ಬರೆಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಕ್ಯಾಟರ್‌ಪಿಲ್ಲರ್ ಕಂಪೆನಿ, ಕೆರೆ ಹೂಳು ತೆಗೆಯುವಲ್ಲಿ ಅವರ ಹಳದಿ ಯಂತ್ರಗಳನ್ನು ನೀವೂ ನೋಡಿರಬಹುದು. 1990ರ ದಶಕದಲ್ಲಿ ಆ ಕಂಪೆನಿಯವರು ಇಲಿನಾಯ್ ವಿಶ್ವವಿದ್ಯಾಲಯದವರ ಜೊತೆ ಸೇರಿ, ಇನ್ನೂ ಮಾಡದೆ ಇದ್ದ ಲೋಡರ್ ಯಂತ್ರದೊಳಗೆ ಕೂತು ನೋಡತೊಡಗಿದರು. ಏನು ನೋಡಿದರು? ಬಣ್ಣವಲ್ಲ, ಅಂದವಲ್ಲ. ಚಾಲಕ ಕೂತಲ್ಲಿಂದ ಬಕೆಟ್ಟಿನ ಅಂಚು ಕಾಣುತ್ತದೆಯೋ ಇಲ್ಲವೋ, ಹಿಂದಕ್ಕೆ ಬರುವಾಗ ಕಂಬ ಅಡ್ಡ ಬರುತ್ತದೆಯೋ ಹೇಗೆ, ಇಷ್ಟೆ. ನಕ್ಷೆಯಲ್ಲಿ ಇದು ತಿಳಿಯುವುದಿಲ್ಲ. ಕಬ್ಬಿಣದಲ್ಲಿ ಮಾಡಿ ನೋಡಿದರೆ ತಿಳಿಯುತ್ತದೆ, ಆದರೆ ಅಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ, ಹಣ ಹೋಗಿರುತ್ತದೆ. ಗುಹೆಯಲ್ಲಾದರೋ ಕಂಬ ಅಡ್ಡ ಬಂದರೆ ಅದನ್ನು ಸರಿಸಿ, ಮತ್ತೆ ಕೂತು ನೋಡಬಹುದು. ಅಯೋವಾ ಎಂಬುದು ಮುಸುಕಿನ ಜೋಳ, ಸೋಯಾ ಬೆಳೆಯುವ ಸೀಮೆ. ಅಲ್ಲಿನ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 2000ದಲ್ಲಿ ನಾಲ್ಕು ಗೋಡೆ, ನೆಲ, ಸೂರು ಆರೂ ಕಡೆ ಚಿತ್ರ ಬೀಳುವ ಕೋಣೆ ಕಟ್ಟಿದರು. ಟ್ರ್ಯಾಕ್ಟರು ಮಾಡುವ ಜಾನ್ ಡೀರ್ ಕಂಪೆನಿಯವರು ಈ ವಿಶ್ವವಿದ್ಯಾಲಯದೊಡನೆ ಕೂಡಿ ಇಂಥ ಕೆಲಸ ಮಾಡಿದ್ದಾರೆ.

ಕಾಣಿಸಿತು, ಸರಿ. ಆದರೆ ಲಿವರು ಹಿಡಿಯಲು ಕೈ ಚಾಚಿದರೆ? ಕೈ ಅದರೊಳಗಿಂದ ಹಾದುಹೋಗುತ್ತದೆ! ಅಲ್ಲಿ ಗಾಳಿಯಲ್ಲದೆ ಇನ್ನೇನೂ ಇಲ್ಲ. ಹಿಡಿ ದಪ್ಪವೋ ತೆಳುವೋ, ಪೆಡಲು ಗಟ್ಟಿಯೋ ಸಡಿಲವೋ ಎಂಬುದು ಕಣ್ಣಿಗೆ ತಿಳಿಯುವ ವಿಷಯವಲ್ಲ. ತಾಯಂದಿರು ಅಕ್ಕಿಯಲ್ಲಿ ಕೈಯಾಡಿಸುತ್ತಲೇ ಕಲ್ಲು ಸಿಕ್ಕಿತು ಎನ್ನುತ್ತಾರೆ. ಮುದ್ದೆ ತೊಳಸುವಾಗ ಕೋಲಿನ ಬಿಗಿಯಿಂದಲೇ ಹದ ಗೊತ್ತುಮಾಡುತ್ತಾರೆ. ಕಲ್ಲು ಹುಡುಕಿದ್ದು ಬೆರಳ ತುದಿಯ ಚರ್ಮ. ಮುದ್ದೆಯ ಹದ ಹೇಳಿದ್ದು ತೋಳಿನ ಕೀಲು, ಮಾಂಸಖಂಡ. ಸ್ಪರ್ಶವೆಂದರೆ ಈ ಎರಡೂ ಸೇರಿದ್ದು. ಎರಡನ್ನೂ ಯಂತ್ರದಿಂದ ಕೊಡಿಸುವುದು ಬಹು ಕಷ್ಟದ ಕೆಲಸ.

ಇದರ ಮೂಲ ಒಂದು ವಿಚಿತ್ರ ಜಾಗದಲ್ಲಿದೆ. ಷಿಕಾಗೋ ಬಳಿಯ ಆರ್ಗಾನ್ ಎಂಬ ಪ್ರಯೋಗಶಾಲೆಯಲ್ಲಿ ಅಣುವಿಕಿರಣ ಸೂಸುವ ವಸ್ತುಗಳನ್ನು ದಪ್ಪ ಗೋಡೆಯ ಆಚೆ ಇಟ್ಟು, ಈಚೆಯಿಂದ ಯಂತ್ರದ ಕೈಗಳಲ್ಲಿ ಹಿಡಿಯಬೇಕಾಗಿತ್ತು. ರೇಮಂಡ್ ಗೋರ್ಟ್ಸ್ ಎಂಬ ಇಂಜಿನಿಯರು 1940 ಮತ್ತು 1950ರ ದಶಕಗಳಲ್ಲಿ ಅಂಥ ಜೋಡಿ ಕೈಗಳನ್ನು ಮಾಡಿದರು. ಆಚೆಯ ಕೈ ಗಾಜಿನ ಸೀಸೆಗೆ ತಾಗಿದರೆ ಈಚೆಯ ಮನುಷ್ಯನ ಕೈಗೆ ತಾಗಿದ್ದು ತಿಳಿಯಬೇಕು. ಇಲ್ಲದಿದ್ದರೆ ಸೀಸೆ ಒಡೆಯಿತೆಂದೇ ಲೆಕ್ಕ. ಮುಂದೆ ಉತ್ತರ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಫ್ರೆಡ್ರಿಕ್ ಬ್ರೂಕ್ಸ್ ಮತ್ತು ಅವರ ಸಂಗಡಿಗರು 1967ರಿಂದ ಒಂದು ಕೆಲಸ ಹಿಡಿದರು. ಅವರು ಆರ್ಗಾನಿನ ಇಂಥ ಕೈಯನ್ನೇ ತಂದು ಕಂಪ್ಯೂಟರಿಗೆ ಕಟ್ಟಿದರು. ಗೋಡೆಯ ಆಚೆಗೆ ನಿಜವಾದ ಸೀಸೆಯೇ ಬೇಡ, ಲೆಕ್ಕದಲ್ಲಿ ಇರುವ ಸೀಸೆ ಸಾಕು, ತಾಗಿದ ಪೆಟ್ಟನ್ನು ಕಂಪ್ಯೂಟರು ಹೇಳಲಿ ಎಂಬುದು ಅದರ ತಿರುಳು.

1990ರ ದಶಕದಲ್ಲಿ ಎಂ.ಐ.ಟಿ.ಯ ಥಾಮಸ್ ಮ್ಯಾಸಿ ಮತ್ತು ಕೆನೆತ್ ಸಾಲಿಸ್‌ಬರಿ ಇದನ್ನು ಮೇಜಿನ ಮೇಲೆ ಇಡುವಷ್ಟು ಚಿಕ್ಕದು ಮಾಡಿದರು. ಫ್ಯಾಂಟಮ್ ಎಂದು ಅದರ ಹೆಸರು. ನೋಡಲು ಮಡಚುವ ತೋಳಿನ ದೀಪದ ಹಾಗಿರುತ್ತದೆ, ತುದಿಯಲ್ಲಿ ಲೇಖನಿ ಅಥವಾ ಬೆರಳಿಗೆ ಸಿಕ್ಕಿಸುವ ಟೋಪಿ. ಕೀಲುಗಳಲ್ಲಿ ಮೋಟಾರುಗಳಿವೆ. ನೀವು ಲೇಖನಿಯನ್ನು ಗಾಳಿಯಲ್ಲಿ ಆಡಿಸುತ್ತಿರುವಾಗ ಕಂಪ್ಯೂಟರಿನ ಲೆಕ್ಕದಲ್ಲಿ ಒಂದು ಗೋಡೆ ಬಂತೆನ್ನಿ, ಆ ಕ್ಷಣವೇ ಮೋಟಾರು ಕೈಯನ್ನು ಹಿಂದಕ್ಕೆ ತಳ್ಳುತ್ತದೆ. ಕಣ್ಣು ಮುಚ್ಚಿಕೊಂಡರೆ ನಿಜವಾಗಿ ಏನನ್ನೋ ತಾಗಿದಂತೆಯೇ! ಇಲ್ಲೊಂದು ಸೋಜಿಗವಿದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ಬಿಟ್ಟರೆ ಕಣ್ಣು ಮೋಸಹೋಗುತ್ತದೆ. ಕೈ ಹಾಗಲ್ಲ. ಸೆಕೆಂಡಿಗೆ ಸುಮಾರು 1000 ಸಲ ಲೆಕ್ಕ ಹಾಕಿ ತಳ್ಳಿದರೇನೇ ಗೋಡೆ ಗೋಡೆಯಂತೆ ಇರುತ್ತದೆ. ಕಡಮೆಯಾದರೆ ಒಂದು ಲೆಕ್ಕಕ್ಕೂ ಮತ್ತೊಂದಕ್ಕೂ ನಡುವೆ ಕೈ ಒಳಕ್ಕೆ ಹೋಗಿಬಿಡುತ್ತದೆ, ಮೋಟಾರು ತಡವಾಗಿ ನೂಕುತ್ತದೆ, ಗೋಡೆ ಗದಗದ ನಡುಗುತ್ತದೆ, ಇಲ್ಲವೆ ಹಿಟ್ಟಿನ ಚೀಲದಂತೆ ಮೆತ್ತಗಾಗುತ್ತದೆ. ಕಣ್ಣಿಗಿಂತ ಕೈಯನ್ನು ವಂಚಿಸುವುದು ಕಷ್ಟ ಎಂದಾಯಿತು.

ಇದನ್ನು ಹಿಡಿದುಕೊಂಡು ಇಲ್ಲದ ಜೇಡಿಮಣ್ಣನ್ನು ಕೆತ್ತಿ ಆಟಿಕೆ, ಪಾದರಕ್ಷೆ ಮುಂತಾದವುಗಳ ರೂಪ ತೆಗೆಯುವ ಕೆಲಸ ನಡೆದಿದೆ. ಮೋಟಾರು ಕಾರಿನವರು ನಿಜವಾದ ಜೇಡಿಮಣ್ಣಿನ ಮಾದರಿಯನ್ನೂ ಬಿಟ್ಟಿಲ್ಲ. ಕೈಗೆ ಮಣ್ಣು ಬೇಕು ಅವರಿಗೂ.

ಆದರೆ ನಮಗೆ ಹತ್ತಿರವಾದ ಉಪಾಯ ಇನ್ನೊಂದಿದೆ, ಖರ್ಚೂ ಕಡಮೆ. ಒಂದು ನಿಜವಾದ ಆಸನ, ನಿಜವಾದ ಸ್ಟೀರಿಂಗ್ ಚಕ್ರ, ಎರಡು ಪೆಡಲು, ಒಂದು ಹಿಡಿ ಇಷ್ಟನ್ನು ಹಲಗೆಯ ಮೇಲೆ ಕೂರಿಸುತ್ತಾರೆ. ಉಳಿದ ಯಂತ್ರವೆಲ್ಲ ಕಣ್ಣಿಗೆ ಕಟ್ಟಿದ ಡಬ್ಬಿಯಲ್ಲಿ. ಕೈಗೆ ನಿಜ, ಕಣ್ಣಿಗೆ ಹುಸಿ. ಎರಡೂ ಒಂದೇ ಜಾಗದಲ್ಲಿ ಕೂಡುವ ಹಾಗೆ ಹೊಂದಿಸಿಬಿಟ್ಟರೆ ಕೂತವನಿಗೆ ಪೂರ್ತಿ ಟ್ರ್ಯಾಕ್ಟರಿನಲ್ಲೇ ಕೂತಂತೆ. ಲಿವರನ್ನು ಒಂದು ಅಂಗುಲ ಈಚೆಗೆ ತರಬೇಕೆಂದರೆ ನಟ್ಟು ಸಡಿಲಿಸಿ ಸರಿಸಿದರಾಯಿತು. ನಮ್ಮ ಆಚಾರ್ರು ಮೇಳಿ ಹಿಡಿಸಿ ನೋಡುತ್ತಿದ್ದುದು ಇದೇ ತಾನೆ?

ಇಷ್ಟೆಲ್ಲ ಇದ್ದರೂ ಒಂದು ಪ್ರಶ್ನೆ ಉಳಿಯುತ್ತದೆ. ಡಬ್ಬಿ ಕಟ್ಟಿಕೊಂಡು ಕೂರುವವರು ಯಾರು? ಆರಡಿ ಎತ್ತರದ ಇಂಜಿನಿಯರೇ ಕೂತು "ಎಲ್ಲ ನಿಲುಕುತ್ತದೆ" ಎಂದರೆ ನನ್ನ ತಮ್ಮನ ಹೆಂಡತಿಗೆ ಆದದ್ದೇ ಮತ್ತೆ ಆಗುತ್ತದೆ. ಕೋಟಿ ಖರ್ಚು ಮಾಡಿ ಹಳೆಯ ತಪ್ಪನ್ನೇ ಹೊಸದಾಗಿ ಮಾಡಿದಂತೆ. ಇದಕ್ಕೆ ದೇಹದ ಅಳತೆಗಳು ಬೇಕು. ಭೋಪಾಲಿನ ಕೇಂದ್ರೀಯ ಕೃಷಿ ಇಂಜಿನಿಯರಿಂಗ್ ಸಂಸ್ಥೆಯವರು ದೇಶದ ಬೇರೆ ಬೇರೆ ಕಡೆಯ ಬೇಸಾಯಗಾರರನ್ನು, ಗಂಡಸರು ಹೆಂಗಸರು ಇಬ್ಬರನ್ನೂ, ಅಳೆಸಿ 2009ರಲ್ಲಿ ಒಂದು ದೊಡ್ಡ ಪುಸ್ತಕ ಹೊರತಂದರು. ಅಂಗಾಂಗಗಳ 79 ಅಳತೆ, ನೂಕುವ ಎಳೆಯುವ ತುಳಿಯುವ ಬಲದ 16 ಅಳತೆ ಅದರಲ್ಲಿವೆ. ಈ ಅಳತೆಗಳನ್ನು ಕಂಪ್ಯೂಟರಿಗೆ ಉಣಿಸಿದರೆ ಐದಡಿಗೂ ಗಿಡ್ಡದಾದ ಹೆಣ್ಣುಮಗಳೊಬ್ಬಳ ಬೊಂಬೆ ಆ ಇಲ್ಲದ ಟಿಲ್ಲರಿನ ಹಿಂದೆ ನಿಲ್ಲುತ್ತದೆ, ಕೈ ಚಾಚುತ್ತದೆ, ನಿಲುಕಿತೋ ಇಲ್ಲವೋ ಹೇಳುತ್ತದೆ. ಇದರಲ್ಲಿ ಪಾಲಿಸತಕ್ಕ ಕ್ರಮವೂ ಸರಳ. ಕೈಗೆ ಎಟುಕಬೇಕಾದದ್ದನ್ನು ಗಿಡ್ಡವರ ಅಳತೆಗೆ ಇಡಬೇಕು. ತಲೆ, ಮೊಣಕಾಲು ತಾಗಬಾರದ ಜಾಗವನ್ನು ದೊಡ್ಡವರ ಅಳತೆಗೆ ಬಿಡಬೇಕು. ನಡುವಿನವರ ಅಳತೆಗೆ ಎಲ್ಲವನ್ನೂ ಮಾಡಿದರೆ ಇಬ್ಬರಿಗೂ ಆಗುವುದಿಲ್ಲ.

ಈ ವಿದ್ಯೆಗೆ ಆಗದ ಕೆಲಸವೂ ಬೇಕಾದಷ್ಟಿದೆ. ಮೇಜಿನ ಮೇಲಿನ ಆ ಪುಟ್ಟ ತೋಳು ನೂಕುವುದು ಒಂದು ಕಿಲೋ ತೂಕಕ್ಕೂ ಕಡಮೆ ಬಲದಲ್ಲಿ. ಲೇಖನಿಯ ತುದಿಗೆ ಅದು ಸಾಕು, ಮೇಳಿಗೆ ಸಾಲದು. ತುಂಬಿದ ಸ್ಪ್ರೇಯರನ್ನು ಬೆನ್ನಿಗೆ ಹೊತ್ತು ಮಧ್ಯಾಹ್ನದವರೆಗೆ ತಿರುಗಿದ ಮೇಲೆ ಪಟ್ಟಿ ಹೆಗಲನ್ನು ಹೇಗೆ ಕೊರೆಯುತ್ತದೆ ಎಂಬುದನ್ನು ಅರ್ಧ ಗಂಟೆಯ ಡಬ್ಬಿ ಹೇಳಲಾರದು. ಎರೆಮಣ್ಣು ಮಳೆಗೆ ಒಂದು ತರಹ, ಬಿಸಿಲಿಗೆ ಇನ್ನೊಂದು ತರಹ. ಕೆಸರಿನಲ್ಲಿ ಕಾಲು ಹೂತಾಗ ಕೈಯ ನಿಲುಕೂ ಕಡಮೆಯಾಗುತ್ತದೆ, ಸೀರೆಯ ನೆರಿಗೆ ಎತ್ತಿ ಕಟ್ಟಿದಾಗ ಹೆಜ್ಜೆಯೂ ಬದಲಾಗುತ್ತದೆ. ಇವೆಲ್ಲ ಗದ್ದೆಗೆ ಇಳಿದೇ ನೋಡಬೇಕಾದವು. ಚಿತ್ರ ಅಂದವಾಗಿದ್ದಷ್ಟೂ ನೋಡಿದವರಿಗೆ ಎಲ್ಲ ಸರಿಯಾಗಿದೆ ಎಂಬ ಭ್ರಮೆ ಬರುವುದೂ ಉಂಟು. ಹಾಗಿದ್ದೂ, ಹತ್ತು ತಪ್ಪಿನಲ್ಲಿ ನಾಲ್ಕು ಕಾಗದದ ಮಟ್ಟದಲ್ಲೇ ಸಿಕ್ಕಿಬಿದ್ದರೆ ಗದ್ದೆಗೆ ಬರುವುದು ಆರೇ ಅಲ್ಲವೆ? ಆ ನಾಲ್ಕರಲ್ಲಿ ಒಂದು ಕಾಲು ಮುರಿಯುವಂಥದ್ದಿರಬಹುದು.

ಇನ್ನು ನಾವು ಮಾಡಬಹುದಾದದ್ದು. ಬೆಂಗಳೂರು, ಧಾರವಾಡಗಳ ಕೃಷಿ ಮೇಳಕ್ಕೆ ಹೋಗುತ್ತೀರಲ್ಲ, ಅಲ್ಲಿ ಯಂತ್ರದ ಮುಂದೆ ನಿಂತು ಬೆಲೆ ಕೇಳಿ ಬರಬೇಡಿ. ಹತ್ತಿ ಕೂತುಕೊಳ್ಳಿ. ಮನೆಯ ಹೆಂಗಸರನ್ನೂ ಕೂರಿಸಿ. ಅವರು ನಾಚಿಕೊಂಡರೆ ನೀವು ಒತ್ತಾಯ ಮಾಡಿ, ನಾಳೆ ಅದನ್ನು ಹಿಡಿಯುವವರು ಅವರೂ ಹೌದು. ಬ್ರೇಕು ತುಳಿಯಲು ಸೀಟಿನಿಂದ ಜರುಗಬೇಕಾಯಿತೆ? ಹಿಂದಕ್ಕೆ ತಿರುಗಿ ನೋಡಿದರೆ ನೇಗಿಲಿನ ಕುಳ ಕಾಣುತ್ತದೆಯೆ? ಕತ್ತಲಲ್ಲಿ ತಡಕಿದರೆ ಇಂಜಿನು ನಿಲ್ಲಿಸುವ ಗುಂಡಿ ಯಾವುದು, ದೀಪದ ಗುಂಡಿ ಯಾವುದು ಎಂದು ಬೆರಳಿಗೆ ತಿಳಿಯುತ್ತದೆಯೆ? ಕಂಪೆನಿಯ ಮಂದಿಯೋ ಕಾಲೇಜಿನ ಹುಡುಗರೋ ಊರಿಗೆ ಬಂದು, ಈ ಡಬ್ಬಿ ಕಟ್ಟಿಕೊಂಡು ನೋಡಿ ಎಂದರೆ ಮೈ ಹಿಂದೆಗೆಯಬೇಡಿ. ಕೆಲಸದ ಬಟ್ಟೆಯಲ್ಲೇ ಹೋಗಿ, ತಲೆಗೆ ಸುತ್ತಿದ ವಲ್ಲಿಯನ್ನು ಸೊಂಟಕ್ಕೆ ಬಿಗಿದು ಕೂತುಕೊಳ್ಳಿ. ತಲೆ ತಿರುಗಿದರೆ ತೆಗೆದುಬಿಡಿ, ಅದರಲ್ಲಿ ಮಾನ ಹೋಗುವಂಥದ್ದೇನಿಲ್ಲ. ಆದರೆ ಮುಗಿದ ಮೇಲೆ ಅವರ ಮುಖ ನೋಡಿ "ಚೆನ್ನಾಗಿದೆ ಸಾರ್" ಅಂದುಬಿಡಬೇಡಿ. ಕೈ ಎಲ್ಲಿ ಸಿಕ್ಕಿಕೊಂಡಿತು, ಕುತ್ತಿಗೆ ಎಲ್ಲಿ ನೋಯಿತು, ಅದನ್ನು ಹೇಳಿ. ಆ ಹೊತ್ತಿನಲ್ಲಿ ಹೇಳಿದರೆ ರಬ್ಬರಿನ ಖರ್ಚು ಮಾತ್ರ.

ನಮ್ಮ ಟಿಲ್ಲರಿನ ವಿಷಯ ಏನಾಯಿತು ಎಂದು ಕೇಳುವಿರಿ. ತಾಲ್ಲೂಕಿನ ವೆಲ್ಡಿಂಗ್ ಅಂಗಡಿಗೆ ಗಾಡಿ ಒಯ್ದೆವು, ತಮ್ಮನ ಹೆಂಡತಿಯನ್ನೂ ಜೊತೆಗೆ ಕರೆದುಕೊಂಡು. ಅಂಗಡಿಯವನು ಲಿವರಿಗೆ ಒಂದು ಗೇಣು ಕಬ್ಬಿಣದ ಪಟ್ಟಿಯನ್ನು ಮೊದಲು ತಂತಿಯಲ್ಲಿ ಕಟ್ಟಿ, "ಹಿಡಿದು ನೋಡಮ್ಮ" ಅಂದ. ಆಕೆ ಹಿಡಿ ಎತ್ತಿ ನೋಡಿ, ಇನ್ನೂ ಎರಡು ಬೆರಳು ಬೇಕು ಅಂದಳು. ಆಮೇಲೆ ಬೆಸುಗೆ ಹಾಕಿದ. ಎರಡು ಮಳೆಗಾಲವಾಯಿತು, ಹಾಗೆಯೇ ನಡೆಯುತ್ತಿದೆ. ಆದರೂ ಹಿಂದಕ್ಕೆ ತೆಗೆಯುವಾಗ ಆಕೆ ಈಗಲೂ ಬದುವಿಗೆ ಬೆನ್ನು ಕೊಟ್ಟು ನಿಲ್ಲುವುದಿಲ್ಲ.